ತಿರುಗಿಸಿ ನೋಡಿ, ನೀಲಿ ಅಲ್ಲೇ ಇದೆ

ಹೋದ ಸಂಚಿಕೆಯಲ್ಲಿ ಪುಣೆ ಪಕ್ಕದ ವಾಘೋಲಿ ಕಲ್ಲುಗಣಿಗಳ ಕವನ್ಸೈಟ್ ಹರಳುಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಬೇರೊಂದು ಕಲ್ಲನ್ನೇ ಕೇಳಿವೆ, ಲ್ಯಾಬ್ರಡೊರೈಟ್. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮೊದಲ ಪತ್ರಕ್ಕೆ ಉದ್ದವಾಗಿ ಬರೆದಿದ್ದೇನೆ. ಉಳಿದವರೂ ಅದನ್ನು ಓದಿಕೊಳ್ಳಿ, ನಿಮ್ಮ ಪ್ರಶ್ನೆಗೂ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅಕ್ಕಾ, ಡಿಸೆಂಬರ್‌ನಲ್ಲಿ ಗೋವಾಕ್ಕೆ ಹೋಗಿದ್ದೆವು. ಅಂಜುನಾದ ಬುಧವಾರದ ಸಂತೆಯಲ್ಲಿ ಒಂದು ಲ್ಯಾಬ್ರಡೊರೈಟ್ ಪೆಂಡೆಂಟ್ ತಗೊಂಡೆ. ಅಲ್ಲಿ ನವಿಲಿನ ಕತ್ತಿನ ಹಾಗೆ ನೀಲಿ ಹೊಳೆಯುತ್ತಿತ್ತು. ಮನೆಗೆ ಬಂದು ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಬರೀ ಬೂದು ಕಲ್ಲು. "ಬಣ್ಣ ಬಳಿದು ಕೊಟ್ಟಿದ್ದಾರೆ, ನೀನು ತೊಳೆದೆ, ಹೋಯ್ತು" ಅಂತಾರೆ ನಮ್ಮ ಮನೆಯವರು. ನಿಜವಾ? (ಓದುಗರು, ಡೊಂಬಿವಲಿ)

ಬಣ್ಣ ಎಲ್ಲೂ ಹೋಗಿಲ್ಲ ತಂಗಿ. ಮೊದಲು ಒಂದು ಕೆಲಸ ಮಾಡಿ. ರಾತ್ರಿ ಟ್ಯೂಬ್‌ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಚ್ಚಿ ನಿಮ್ಮ ಕಿವಿಯ ಪಕ್ಕ ಹಿಡಿದುಕೊಳ್ಳಿ. ಇನ್ನೊಂದು ಕೈಯಲ್ಲಿ ಪೆಂಡೆಂಟ್ ಹಿಡಿದು ನಿಧಾನವಾಗಿ ಓರೆ ಮಾಡುತ್ತಾ ಹೋಗಿ. ಒಂದು ಕಡೆ ಬಂದಾಗ ಕಲ್ಲು ತಟ್ಟನೆ ಹೊತ್ತಿಕೊಂಡ ಹಾಗೆ ನೀಲಿಯಾಗುತ್ತದೆ. ಇನ್ನೂ ಸ್ವಲ್ಪ ತಿರುಗಿಸಿದರೆ ಅಷ್ಟೇ ಬೇಗ ಆರಿಹೋಗುತ್ತದೆ. ಬಳಿದ ಬಣ್ಣ ಹಾಗೆ ಮಾಡುವುದಿಲ್ಲ. ಗೋಡೆಯ ಬಣ್ಣವನ್ನು ಯಾವ ಕಡೆಯಿಂದ ನೋಡಿದರೂ ಅದೇ ಬಣ್ಣ, ಅಲ್ವಾ?

ಟ್ಯೂಬ್‌ಲೈಟ್ ಬೆಳಕು ಕೋಣೆಯಲ್ಲೆಲ್ಲ ಹರಡಿಕೊಂಡಿರುತ್ತದೆ. ಬಿಳಿ ಗೋಡೆ, ಬಿಳಿ ಸೀಲಿಂಗ್, ಎಲ್ಲ ಕಡೆಯಿಂದಲೂ ಕಲ್ಲಿನ ಮೇಲೆ ಬೆಳಕು ಬಿದ್ದು ಮೇಲ್ಮೈಯೇ ಬೆಳ್ಳಗೆ ಮಂಕಾಗಿ ಕಾಣುತ್ತದೆ. ಒಳಗಿನಿಂದ ಬರುವ ನೀಲಿ ಅದರಲ್ಲಿ ಮುಚ್ಚಿಹೋಗುತ್ತದೆ. ಸಂತೆಯಲ್ಲಿ ನೀವು ನೋಡಿದ್ದು ಬಿಸಿಲಲ್ಲಿ. ಒಂದೇ ದಿಕ್ಕಿನಿಂದ ಬರುವ ಬೆಳಕು ಈ ಕಲ್ಲಿಗೆ ಬೇಕು.

ಈಗ ಬಣ್ಣ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಬರೋಣ. ನನಗೆ ಇಡೀ ಖನಿಜಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ ವಿಷಯ ಬೇರೆ ಇಲ್ಲ. ಲ್ಯಾಬ್ರಡೊರೈಟ್ ಫೆಲ್ಡ್‌ಸ್ಪಾರ್ ಕುಟುಂಬದ ಕಲ್ಲು, ಅಂದರೆ ಶಿಲೆಗಳಲ್ಲಿ ಎಲ್ಲೆಲ್ಲೂ ಸಿಗುವ ಒಂದು ಖನಿಜ ಕುಟುಂಬ. ಅದರಲ್ಲೂ ಪ್ಲೇಜಿಯೊಕ್ಲೇಸ್ ಅನ್ನುವ ಗುಂಪಿನದು. ಈ ಗುಂಪಿನ ಒಂದು ತುದಿಯಲ್ಲಿ ಸೋಡಿಯಂ ತುಂಬಿದ ಆಲ್ಬೈಟ್, ಇನ್ನೊಂದು ತುದಿಯಲ್ಲಿ ಕ್ಯಾಲ್ಸಿಯಂ ತುಂಬಿದ ಅನಾರ್ಥೈಟ್. ಮಧ್ಯದಲ್ಲಿ ಎಲ್ಲ ಪ್ರಮಾಣದ ಬೆರಕೆಗಳೂ ಇವೆ. ಅನಾರ್ಥೈಟ್ ಪಾಲು 50ರಿಂದ 70 ಶೇಕಡಾ ಇದ್ದರೆ ಅದಕ್ಕೆ ಲ್ಯಾಬ್ರಡೊರೈಟ್ ಅಂತ ಹೆಸರು.

ತುಂಬಾ ಬಿಸಿ ಇರುವಾಗ ಈ ಎರಡೂ ಒಂದೇ ಹರಳಿನಲ್ಲಿ ಚೆನ್ನಾಗಿ ಬೆರೆತಿರುತ್ತವೆ. ತಣ್ಣಗಾಗುತ್ತಾ ಬಂದ ಹಾಗೆ ಹೊಂದಾಣಿಕೆ ತಪ್ಪುತ್ತದೆ. ದಟ್ಟ ಸಕ್ಕರೆ ಪಾಕ ಬಿಸಿಯಲ್ಲಿ ತಿಳಿಯಾಗಿದ್ದು, ಆರಿದ ಮೇಲೆ ಸಕ್ಕರೆ ಬೇರೆಯಾಗಿ ಹರಳುಗಟ್ಟುತ್ತದಲ್ಲ, ಸ್ವಲ್ಪ ಹಾಗೆ. ಆದರೆ ಇಲ್ಲಿ ಪಾಕ ಇಲ್ಲ. ಗಟ್ಟಿ ಕಲ್ಲಿನ ಒಳಗೇ ಇದು ನಡೆಯಬೇಕು. ಸೋಡಿಯಂ, ಕ್ಯಾಲ್ಸಿಯಂ ಜಾಗ ಬದಲಿಸಿದರೆ ಸಾಲದು, ಜೊತೆಗೆ ಸಿಲಿಕಾನ್ ಮತ್ತು ಅಲ್ಯುಮಿನಿಯಂ ಕೂಡ ಬದಲಿಸಬೇಕು, ಅವೋ ಆಮ್ಲಜನಕದ ಹಿಡಿತದಲ್ಲಿ ಬಿಗಿಯಾಗಿ ಕೂತಿರುತ್ತವೆ. ಹಾಗಾಗಿ ಬಹಳ ಬಹಳ ನಿಧಾನ. ನೆಲದ ಆಳದಲ್ಲಿ ಸಾವಕಾಶವಾಗಿ ತಣ್ಣಗಾದರೆ ಮಾತ್ರ ಹರಳಿನ ಒಳಗೆ ಕ್ಯಾಲ್ಸಿಯಂ ಜಾಸ್ತಿ ಇರುವ ಒಂದು ಪದರ, ಕಡಿಮೆ ಇರುವ ಒಂದು ಪದರ, ಮತ್ತೆ ಜಾಸ್ತಿ, ಮತ್ತೆ ಕಡಿಮೆ, ಹೀಗೆ ಸಾವಿರಾರು ಪದರ ಕಟ್ಟುತ್ತವೆ. ಒಂದೊಂದು ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನ ಆಸುಪಾಸು. ನಮ್ಮ ತಲೆಕೂದಲು ಅದಕ್ಕಿಂತ ನೂರಾರು ಪಟ್ಟು ದಪ್ಪ.

ಬೆಳಕು ಒಳಗೆ ಹೋದಾಗ ಪ್ರತಿ ಪದರದ ಗಡಿಯಲ್ಲಿ ಅದರ ಒಂದು ಚೂರು ವಾಪಸ್ ಬರುತ್ತದೆ. ಸಾವಿರ ಗಡಿಗಳಿಂದ ಸಾವಿರ ಚೂರು. ಯಾವ ಬಣ್ಣದ ಅಲೆಗಳು ಹೆಜ್ಜೆಗೆ ಹೆಜ್ಜೆ ಸೇರಿಸಿ ಬರುತ್ತವೋ ಆ ಬಣ್ಣ ಜೋರಾಗುತ್ತದೆ, ಬೇರೆಯವು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಅಕ್ಕಪಕ್ಕದ ಎರಡು ಪದರ ಸೇರಿ ಸುಮಾರು 145 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ಇದ್ದರೆ ನಮಗೆ ನೀಲಿ ಕಾಣುತ್ತದೆ. 170ರ ಹತ್ತಿರ ಹಸಿರು. 200 ದಾಟಿದರೆ ಕೆಂಪು. ಇದಕ್ಕೆ ಲ್ಯಾಬ್ರಡೊರೆಸೆನ್ಸ್ ಅಂತಲೇ ಹೆಸರು ಬಿದ್ದಿದೆ. ಅಂದರೆ ಕಲ್ಲಿನಲ್ಲಿ ನೀಲಿ ಅನ್ನುವ ವಸ್ತುವೇ ಇಲ್ಲ. ಅರೆದು ಪುಡಿ ಮಾಡಿದರೆ ಬೆಳ್ಳಗಿನ ಪುಡಿ ಬರುತ್ತದೆ.

ಮಳೆಗಾಲದಲ್ಲಿ ರಿಕ್ಷಾ ಸ್ಟ್ಯಾಂಡ್ ಹತ್ತಿರ ಒದ್ದೆ ರಸ್ತೆ ಮೇಲೆ ಎಣ್ಣೆ ಬಿದ್ದು ಕಾಮನಬಿಲ್ಲು ಹರಡಿರುತ್ತದಲ್ಲ, ಅದೂ ತೆಳು ಪದರದ ಆಟವೇ. ನೀವು ಹೇಳಿದ ನವಿಲಿನ ಕತ್ತೂ ಅಷ್ಟೇ, ಗರಿಯಲ್ಲಿ ನೀಲಿ ಬಣ್ಣದ ಪುಡಿ ಇಲ್ಲ. ಆದರೆ ನಮ್ಮ ಡಬಲ್ ಶೇಡ್ ಪೈಠಣಿ ಸೀರೆ ಬೇರೆ. ಅಲ್ಲಿ ಉದ್ದದ ನೂಲಿಗೆ ಒಂದು ಬಣ್ಣ, ಅಡ್ಡದ ನೂಲಿಗೆ ಇನ್ನೊಂದು ಬಣ್ಣ, ನಿಜವಾಗಿಯೂ ಬಣ್ಣ ಹಾಕಿದ ನೂಲು. ಎರಡೂ ತಿರುಗಿಸಿದಾಗ ಬದಲಾಗುತ್ತವೆ ಅಂತ ಒಂದೇ ಅಂದುಕೊಳ್ಳಬೇಡಿ.

ಇನ್ನೊಂದು ವಿಷಯ. ಈ ಪದರಗಳು ಹರಳಿನೊಳಗೆ ಒಂದೇ ದಿಕ್ಕಿಗೆ ಮಲಗಿರುತ್ತವೆ, ಪುಸ್ತಕದ ಹಾಳೆಗಳ ಹಾಗೆ. ಕಲ್ಲು ಕೊಯ್ಯುವವನು ಆ ಹಾಳೆಗಳಿಗೆ ಸರಿಯಾಗಿ ಮುಖ ಕೊಟ್ಟು ಕೊಯ್ದರೆ ಎದುರಿನಿಂದಲೇ ಬಣ್ಣ ಕಾಣುತ್ತದೆ. ಸ್ವಲ್ಪ ತಪ್ಪಿದರೆ ಓರೆಯಲ್ಲಿ ಮಾತ್ರ. ಪೂರ್ತಿ ತಪ್ಪಿದರೆ ಒಳ್ಳೆಯ ಕಲ್ಲೂ ಸತ್ತ ಕಲ್ಲೇ. ಅದಕ್ಕೇ ಪೆಂಡೆಂಟ್ ತಗೊಳ್ಳುವಾಗ ಅಂಗೈಯಲ್ಲಿಟ್ಟು ನೋಡಿದರೆ ಸಾಲದು. ಕುತ್ತಿಗೆಗೆ ಹಿಡಿದು ಕನ್ನಡಿ ಮುಂದೆ ನಿಲ್ಲಬೇಕು. ನೀವು ಧರಿಸಿದಾಗ ಎದುರಿನವರಿಗೆ ಬಣ್ಣ ಕಂಡರೆ ಆ ಕಲ್ಲಿಗೆ ಕೊಟ್ಟ ಹಣ ಸಾರ್ಥಕ.

ಗಾಜಾ ಅನ್ನುವ ಅನುಮಾನ ಇನ್ನೂ ಇದ್ದರೆ ಲೆನ್ಸ್ ಹಿಡಿದು ನೋಡಿ. ಒಳಗೆ ಕಪ್ಪು ಸೂಜಿಯಂಥ ಚೂರುಗಳು, ಸಮಾನಾಂತರವಾದ ಸಣ್ಣ ಗೆರೆಗಳು, ಅಲ್ಲಲ್ಲಿ ಬಿರುಕು ಕಾಣಬಹುದು. ಕಪ್ಪು ಚೂರುಗಳು ಕಬ್ಬಿಣ, ಟೈಟೇನಿಯಂ ಇರುವ ಖನಿಜಗಳು. ಅವು ಇರುವುದರಿಂದಲೇ ಹಿನ್ನೆಲೆ ಕಪ್ಪಾಗಿ ನೀಲಿ ಎದ್ದು ಕಾಣುವುದು. ಪೂರ್ತಿ ನಿಷ್ಕಳಂಕವಾಗಿ, ಒಳಗೆ ದುಂಡನೆಯ ಗುಳ್ಳೆ ಇದ್ದರೆ ಆಗ ಅನುಮಾನ ಪಡಿ. ಮನೆಯವರಿಗೂ ಟಾರ್ಚ್ ಹಿಡಿದು ತೋರಿಸಿ.

ಮೇಡಂ, ನಾನು ಬಿ.ಎಸ್ಸಿ. ಜಿಯಾಲಜಿ ಎರಡನೇ ವರ್ಷ. ಡೆಕ್ಕನ್ ಬಸಾಲ್ಟ್‌ನಲ್ಲಿ ಲ್ಯಾಬ್ರಡೊರೈಟ್ ಇದೆ ಅಂತ ಪುಸ್ತಕದಲ್ಲಿದೆ. ಹಾಗಿದ್ದರೆ ಸಹ್ಯಾದ್ರಿ ಪೂರ್ತಿ ನೀಲಿ ಹೊಳೆಯಬೇಕಿತ್ತಲ್ಲ? ಮೈಕ್ರೋಸ್ಕೋಪ್ ಕೆಳಗೂ ಬರೀ ಕಪ್ಪು ಬಿಳಿ ಪಟ್ಟೆ ಕಾಣುತ್ತದೆ. (ವಿದ್ಯಾರ್ಥಿ, ಚಿಂಚವಾಡ)

ಎಷ್ಟು ಒಳ್ಳೆಯ ಪ್ರಶ್ನೆ ಮರಿ! ಪುಸ್ತಕ ಸರಿಯಾಗಿಯೇ ಹೇಳಿದೆ. ಲೋಕಲ್ ಟ್ರೇನ್ ಹಳಿಗಳ ನಡುವೆ ಸುರಿದಿರುವ ಕಪ್ಪು ಜಲ್ಲಿ ಇದೆಯಲ್ಲ, ಅದನ್ನು ಒಡೆದು ಬಿಸಿಲಿಗೆ ಹಿಡಿದರೆ ಸಣ್ಣ ಸಣ್ಣ ಬೆಳ್ಳನೆಯ ಕಡ್ಡಿಗಳು ಮಿನುಗುತ್ತವೆ. ಅವು ಪ್ಲೇಜಿಯೊಕ್ಲೇಸ್. ನಮ್ಮ ಬಸಾಲ್ಟ್‌ನಲ್ಲಿ ಅದು ಹೆಚ್ಚಾಗಿ ಲ್ಯಾಬ್ರಡೊರೈಟೇ.

ಹೊಳೆಯದಿರುವುದಕ್ಕೆ ಕಾರಣ ಸಮಯ. ಸುಮಾರು 6.6 ಕೋಟಿ ವರ್ಷದ ಹಿಂದೆ ಈ ಬಸಾಲ್ಟ್ ಆಗಿ ಗಟ್ಟಿಯಾದ ಲಾವಾ ನೆಲದ ಮೇಲೆ ಹರಿದು, ಗಾಳಿಗೆ ತೆರೆದುಕೊಂಡು, ಭೂಗರ್ಭದ ಲೆಕ್ಕದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ತಣ್ಣಗಾಯಿತು. ಮೇಲಿನ ಉತ್ತರದಲ್ಲಿ ಹೇಳಿದ ಪದರಗಳು ಬೇರೆಯಾಗಲು ಬಿಡುವೇ ಸಿಗಲಿಲ್ಲ. ಬೆರಕೆ ಬೆರಕೆಯಾಗಿಯೇ ಉಳಿಯಿತು. ಬಣ್ಣದ ಲ್ಯಾಬ್ರಡೊರೈಟ್ ಹುಟ್ಟುವುದು ಅನಾರ್ಥೊಸೈಟ್ ಅನ್ನುವ ಶಿಲೆಯಲ್ಲಿ. ಅದು ಭೂಮಿಯ ಆಳದಲ್ಲೇ ಗಟ್ಟಿಯಾದದ್ದು. ಕೆನಡಾದ ಲ್ಯಾಬ್ರಡಾರ್ ಕರಾವಳಿಯ ನೈನ್ ಊರಿನ ಹತ್ತಿರದ ಪಾಲ್ಸ್ ದ್ವೀಪದಲ್ಲಿ 1770ರ ಸುಮಾರಿಗೆ ಮೊರಾವಿಯನ್ ಪಾದ್ರಿಗಳ ಮೂಲಕ ಇದು ಯುರೋಪಿಗೆ ಗೊತ್ತಾಯಿತು, ಹೆಸರೂ ಆ ಕರಾವಳಿಯದೇ. ಅಲ್ಲಿಯ ಶಿಲೆಗೆ ಸುಮಾರು 130 ಕೋಟಿ ವರ್ಷ.

ಪ್ರಮಾಣದ ಮಾತೂ ಇದೆ. ಲ್ಯಾಬ್ರಡೊರೈಟ್ ಎಲ್ಲದರಲ್ಲೂ ಬಣ್ಣ ಬರುವುದಿಲ್ಲ. ಅನಾರ್ಥೈಟ್ ಪಾಲು ಸರಿಸುಮಾರು 47ರಿಂದ 58 ಶೇಕಡಾ ಇರುವಲ್ಲಿ ಮಾತ್ರ ಆ ಬಗೆಯ ಪದರ ಕಟ್ಟುತ್ತದೆ. ಡೆನ್ಮಾರ್ಕಿನ ಖನಿಜಶಾಸ್ತ್ರಜ್ಞ ಬೋಗಿಲ್ಡ್ 1924ರಲ್ಲಿ ಈ ಹೊಳಪಿನ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಪದರಗಳಿಗೆ ಇವತ್ತಿಗೂ ಅವರದೇ ಹೆಸರು. ನಮ್ಮ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರು ಎ. ಜಯರಾಮನ್ ಜೊತೆ 1950ರಲ್ಲಿ ಇದೇ ಕಲ್ಲಿನ ರಚನೆ ಮತ್ತು ಹೊಳಪಿನ ಮೇಲೆ ಪ್ರಬಂಧ ಬರೆದಿದ್ದಾರೆ. ನೊಬೆಲ್ ಬಂದು 20 ವರ್ಷ ಆದ ಮೇಲೂ ಕೈಯಲ್ಲೊಂದು ಕಲ್ಲು ಹಿಡಿದು ತಿರುಗಿಸಿ ನೋಡುತ್ತಿದ್ದರು ಅಂತ ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಪದರಗಳನ್ನು ಕಣ್ಣಾರೆ ಕಂಡದ್ದು 1960ರ ದಶಕದಲ್ಲಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮೇಲೆ.

ಈಗ ನಿನ್ನ ಕಪ್ಪು ಬಿಳಿ ಪಟ್ಟೆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಅವು ಬಣ್ಣ ಕೊಡುವ ಪದರಗಳಲ್ಲ. ಅವು ಅವಳಿ ಹರಳುಗಳು. ಒಂದು ತುಂಡು ಈ ಕಡೆ, ಪಕ್ಕದ ತುಂಡು ಕನ್ನಡಿಯಲ್ಲಿ ಕಂಡ ಹಾಗೆ ಆ ಕಡೆ ತಿರುಗಿ ಬೆಳೆದಿರುತ್ತದೆ. ಅದಕ್ಕೆ ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕಿನಲ್ಲಿ ಒಂದು ಕಪ್ಪಾದಾಗ ಇನ್ನೊಂದು ಬೆಳ್ಳಗಿರುತ್ತದೆ. ಬಣ್ಣದ ಪದರಗಳು ಎಷ್ಟು ತೆಳು ಅಂದರೆ ನಿನ್ನ ಕಾಲೇಜಿನ ಮೈಕ್ರೋಸ್ಕೋಪ್‌ಗೆ ಅವು ಸಿಗುವುದೇ ಇಲ್ಲ. ಆದರೆ ಆ ಪಟ್ಟೆಗಳನ್ನು ತಾತ್ಸಾರ ಮಾಡಬೇಡ. ಸ್ಟೇಜ್ ತಿರುಗಿಸಿ ಅವು ಯಾವ ಕೋನದಲ್ಲಿ ಕಪ್ಪಾಗುತ್ತವೆ ಅಂತ ಅಳೆದು, ಹಲವು ಹರಳುಗಳಲ್ಲಿ ಸಿಕ್ಕ ಅತಿ ದೊಡ್ಡ ಕೋನ ಸುಮಾರು 27ರಿಂದ 39 ಡಿಗ್ರಿ ಒಳಗೆ ಬಂದರೆ ಅದು ಲ್ಯಾಬ್ರಡೊರೈಟ್. ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.56ರ ಆಸುಪಾಸು. ಹರಳಿನೊಳಗೆ ಬೆಳಕು ಎರಡು ಕಿರಣವಾಗಿ ಒಡೆಯುತ್ತದೆ, ಅವೆರಡರ ಸೂಚ್ಯಂಕದ ವ್ಯತ್ಯಾಸ 0.009ರಷ್ಟೇ. ಅದಕ್ಕೇ ಸ್ಲೈಡಿನಲ್ಲಿ ಬೂದು ಬಿಳಿ ಬಿಟ್ಟು ಬೇರೆ ಬಣ್ಣ ಕಾಣದೆ ಇರುವುದು.

ಒಂದು ಭಾನುವಾರ ಗೆಳೆಯರ ಜೊತೆ ನಾಸಿಕ್ ರಸ್ತೆಯಲ್ಲಿ ಮಂಚರ್ ಕಡೆಗೆ ಹೋಗಿ ಬಾ, ಇಲ್ಲವೇ ಕಸಾರಾ ಘಾಟ್. ಅಲ್ಲಿ ಜೈಂಟ್ ಪ್ಲೇಜಿಯೊಕ್ಲೇಸ್ ಬಸಾಲ್ಟ್ ಅನ್ನುವ ಪದರ ಇದೆ. ಕಪ್ಪು ಕಲ್ಲಿನ ತುಂಬ ಬೆರಳಿನಷ್ಟುದ್ದದ ಬಿಳಿ ಹರಳುಗಳು, ಕೊಬ್ಬರಿ ಚೂರು ಚೆಲ್ಲಿದ ಹಾಗೆ. ಅವು ಲಾವಾ ಮೇಲೆ ಬರುವ ಮೊದಲೇ ಆಳದ ಶಿಲಾರಸದಲ್ಲಿ ಬೆಳೆದವು, ಅದಕ್ಕೇ ಅಷ್ಟು ದೊಡ್ಡವು. ಆಮೇಲೆ ಹೊರಗೆ ಬಂದು ಬೇಗ ಆರಿದವು, ಅದಕ್ಕೇ ಬಣ್ಣ ಇಲ್ಲ.

ನಮ್ಮ ಅಡುಗೆ ಕಟ್ಟೆಗೆ ಬ್ಲೂ ಪರ್ಲ್ ಗ್ರಾನೈಟ್ ಹಾಕಿಸಿದ್ದೇವೆ. ಒಳಗೆ ಬೆಳ್ಳಿ, ನೀಲಿ ಮಿಂಚು ಇದೆ. ಅದೂ ಲ್ಯಾಬ್ರಡೊರೈಟಾ? ಹೇಗೆ ಒರೆಸಬೇಕು? (ಗೃಹಿಣಿ, ಮಾಟುಂಗಾ)

ಅದು ಗ್ರಾನೈಟೂ ಅಲ್ಲ, ಲ್ಯಾಬ್ರಡೊರೈಟೂ ಅಲ್ಲ. ನಾರ್ವೆಯ ಲಾರ್ವಿಕ್ ಊರಿನ ಲಾರ್ವಿಕೈಟ್. ಕಲ್ಲಿನ ವ್ಯಾಪಾರದಲ್ಲಿ ಗಟ್ಟಿಯಾಗಿ ಪಾಲಿಶ್ ಬರುವ ಎಲ್ಲದಕ್ಕೂ ಗ್ರಾನೈಟ್ ಅಂತಾರೆ. ಮಿಂಚುವುದು ಫೆಲ್ಡ್‌ಸ್ಪಾರೇ, ಪದರಗಳಿಂದ ಬರುವ ಹೊಳಪೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಕೂಡ ಸೇರಿರುವ ಬೇರೆ ಬೆರಕೆ. ನಿಜವಾದ ಲ್ಯಾಬ್ರಡೊರೈಟ್ ಸ್ಲ್ಯಾಬ್ ಬೇಕಾದರೆ ಉಕ್ರೇನಿನಿಂದ ಬರುವ ವೋಲ್ಗಾ ಬ್ಲೂ ನೋಡಿ. ಕಪ್ಪು ಕಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ನೀಲಿ ಕಣ್ಣು ಬಿಟ್ಟ ಹಾಗಿರುತ್ತದೆ.

ಒರೆಸಲು ನೀರು, ಪಾತ್ರೆ ತೊಳೆಯುವ ಸೋಪು ಸಾಕು. ಬಾತ್‌ರೂಮಿಗೆ ಹಾಕುವ ಆ್ಯಸಿಡ್ ಮಾತ್ರ ಬೇಡವೇ ಬೇಡ. ಕ್ಯಾಲ್ಸಿಯಂ ಜಾಸ್ತಿ ಇರುವ ಫೆಲ್ಡ್‌ಸ್ಪಾರನ್ನು ಹೈಡ್ರೋಕ್ಲೋರಿಕ್ ಆಮ್ಲ ನಿಧಾನವಾಗಿ ತಿನ್ನುತ್ತದೆ, ಪಾಲಿಶ್ ಹೋದರೆ ಮಿಂಚೂ ಮಂಕಾಗುತ್ತದೆ.

ರೇನ್‌ಬೋ ಮೂನ್‌ಸ್ಟೋನ್ ಅಂತ ಕಿವಿಯೋಲೆ ಕೊಂಡೆ. ಇನ್ನೊಬ್ಬರು ಅದು ಮೂನ್‌ಸ್ಟೋನೇ ಅಲ್ಲ ಅಂದರು. ಮೋಸ ಹೋದೆನಾ? (ಓದುಗರು, ವಾಸ್ಕೋ)

ಹೆಸರಿನಲ್ಲಿ ಮಾತ್ರ. ರೇನ್‌ಬೋ ಮೂನ್‌ಸ್ಟೋನ್ ಅಂದರೆ ಬಿಳಿಯ, ಬೆಳಕು ಹಾಯುವ ಲ್ಯಾಬ್ರಡೊರೈಟ್. ಅಸಲಿ ಮೂನ್‌ಸ್ಟೋನ್, ನಾವು ಚಂದ್ರಕಾಂತ ಅನ್ನುವುದು, ಆರ್ಥೊಕ್ಲೇಸ್ ಫೆಲ್ಡ್‌ಸ್ಪಾರ್. ಅದರಲ್ಲಿ ಒಂದೇ ಮೆತ್ತನೆಯ ಹಾಲು ಬಿಳಿ ಅಥವಾ ತಿಳಿ ನೀಲಿ ಬೆಳಕು ಕಲ್ಲಿನ ಮೇಲೆ ತೇಲಿದ ಹಾಗೆ ಸರಿದಾಡುತ್ತದೆ. ನಿಮ್ಮದರಲ್ಲಿ ನೀಲಿಯ ಜೊತೆ ಹಸಿರು, ಹಳದಿ ತುಂಡು ತುಂಡಾಗಿ ಕಂಡರೆ ಲ್ಯಾಬ್ರಡೊರೈಟ್. ಕಲ್ಲನ್ನು ಬಿಚ್ಚಿ ನೀರಿನಲ್ಲಿ ತೂಗಿಸಿದರೆ ಖಚಿತವಾಗುತ್ತದೆ. ಮೂನ್‌ಸ್ಟೋನ್ ನೀರಿಗಿಂತ ಸುಮಾರು 2.58 ಪಟ್ಟು ಭಾರ, ಲ್ಯಾಬ್ರಡೊರೈಟ್ 2.70 ಪಟ್ಟು. ಅಂದರೆ ಅದೇ ಗಾತ್ರದ ಅಲ್ಯುಮಿನಿಯಂ ಚೂರು ಎಷ್ಟು ತೂಗುತ್ತದೋ ಹೆಚ್ಚುಕಡಿಮೆ ಅಷ್ಟೇ. ಕಲ್ಲು ಚೆಂದ ಇದ್ದರೆ, ಲ್ಯಾಬ್ರಡೊರೈಟ್ ಬೆಲೆಗೇ ಕೊಟ್ಟಿದ್ದರೆ, ಖುಷಿಯಿಂದ ಹಾಕಿಕೊಳ್ಳಿ.

ನೀಲಮಣಿ ಬದಲು ಲ್ಯಾಬ್ರಡೊರೈಟ್ ಹಾಕಿಕೊಳ್ಳಿ, ಅದೂ ನೀಲಿಯೇ ಅಂತ ಅಂಗಡಿಯವರು ಹೇಳಿದರು. (ಓದುಗರು, ಠಾಣೆ)

ಎರಡಕ್ಕೂ ಯಾವ ನಂಟೂ ಇಲ್ಲ. ನೀಲಮಣಿ ಅಲ್ಯುಮಿನಿಯಂ ಆಕ್ಸೈಡ್, ಗಡಸುತನ (1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ) 9, ನೀರಿಗಿಂತ 4 ಪಟ್ಟು ಭಾರ, ಅದರ ನೀಲಿ ಕಬ್ಬಿಣ, ಟೈಟೇನಿಯಂನಿಂದ ಬಂದದ್ದು. ಲ್ಯಾಬ್ರಡೊರೈಟ್ ನವರತ್ನದಲ್ಲಿ ಸೇರಿಲ್ಲ. ಇಷ್ಟವಾದರೆ ಅದರ ಚೆಂದಕ್ಕೆ ತಗೊಳ್ಳಿ, ನೀಲಮಣಿಯ ಬೆಲೆ ಕೊಡಬೇಡಿ. ಕೆಂಪು, ಹಳದಿ, ನೇರಳೆ ಎಲ್ಲವೂ ಒಂದೇ ಕಲ್ಲಿನಲ್ಲಿ ಕಾಣಬೇಕು ಅನ್ನುವ ಆಸೆ ಇದ್ದರೆ ಫಿನ್‌ಲ್ಯಾಂಡಿನ ಸ್ಪೆಕ್ಟ್ರೊಲೈಟ್ ಕೇಳಿ ನೋಡಿ. 1940ರಲ್ಲಿ ಯುದ್ಧದ ಕಾಲದಲ್ಲಿ ಯ್ಲಾಮಾ ಅನ್ನುವಲ್ಲಿ ಕೋಟೆಸಾಲು ಕಟ್ಟುವಾಗ ನೆಲದಡಿ ಸಿಕ್ಕಿದ್ದು ಅದು. ಅದೂ ಲ್ಯಾಬ್ರಡೊರೈಟೇ.

ದಿನಾ ಹಾಕಿಕೊಳ್ಳಲು ಲ್ಯಾಬ್ರಡೊರೈಟ್ ಉಂಗುರ ಮಾಡಿಸಬಹುದಾ? (ಓದುಗರು, ಮೀರಾ ರೋಡ್)

ಬೇಡ ಅಂತ ಹೇಳುತ್ತೇನೆ, ಅನುಭವದಿಂದ. ಗಡಸುತನ 6ರಿಂದ 6.5. ಚಾಕುವಿಗೆ ಸುಲಭವಾಗಿ ಗೀರಾಗುವುದಿಲ್ಲ ನಿಜ, ಆದರೆ ನಮ್ಮ ಮುಂಬೈ ಧೂಳಿನಲ್ಲಿರುವ ಮರಳಿನ ಕಣ 7. ಒಣ ಬಟ್ಟೆಯಲ್ಲಿ ಉಜ್ಜಿದರೂ ದಿನ ಹೋದಂತೆ ಮೇಲ್ಮೈ ಮಬ್ಬಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಸೀಳು. ಈ ಕಲ್ಲು ಎರಡು ದಿಕ್ಕಿನಲ್ಲಿ ನುಣ್ಣಗೆ ಸೀಳುತ್ತದೆ, ಆ ಎರಡು ದಿಕ್ಕುಗಳ ನಡುವೆ ಸುಮಾರು 86 ಡಿಗ್ರಿ.

ನಾನು ಒಂದು ಉಂಗುರ ಆರು ವರ್ಷ ಹಾಕಿಕೊಂಡಿದ್ದೆ. ಒಂದು ಸಂಜೆ ಕುಕ್ಕರ್ ತೊಳೆಯುವಾಗ ಕೈ ಜಾರಿ ಕಲ್ಲು ಸಿಂಕಿನ ಅಂಚಿಗೆ ಬಡಿಯಿತು. ದೊಡ್ಡ ಪೆಟ್ಟೇನಲ್ಲ, ಟಕ್ ಅಂತ ಒಂದು ಸಣ್ಣ ಸದ್ದು. ನೋಡಿದರೆ ಅರ್ಧ ಕಲ್ಲು ಸೋಪಿನ ನೊರೆಯಲ್ಲಿ. ಬಹಳ ಬೇಜಾರಾಯಿತು, ಅದು ಅಮ್ಮ ಕೊಡಿಸಿದ್ದು. ಆಮೇಲೆ ಚೂರನ್ನು ತೊಳೆದು ಕಿಟಕಿ ಹತ್ತಿರ ಹಿಡಿದೆ. ಒಡೆದ ಮುಖ ಪಾಲಿಶ್ ಮಾಡಿದಷ್ಟು ನುಣ್ಣಗಿತ್ತು. ಸ್ವಲ್ಪ ಓರೆ ಮಾಡಿದೆ, ಅಂಚಿನಿಂದ ಅಂಚಿಗೆ ನೀಲಿ ಹರಡಿತು, ಉಂಗುರದಲ್ಲಿ ಇದ್ದಾಗ ಕಾಣುತ್ತಿದ್ದುದಕ್ಕಿಂತ ಜೋರಾಗಿ. ಬಣ್ಣದ ಪದರಗಳು ಆ ಸೀಳಿನ ದಿಕ್ಕಿಗೆ ಹತ್ತಿರವಾಗಿಯೇ ಮಲಗಿರುತ್ತವೆ. ಆ ಕಲ್ಲನ್ನು ಕೊಯ್ದವರು ಸ್ವಲ್ಪ ಕೋನ ತಪ್ಪಿಸಿದ್ದರು ಅಂತ ನನಗೆ ಆವತ್ತು ಗೊತ್ತಾಯಿತು.

ನೀವು ಪೆಂಡೆಂಟ್ ಅಥವಾ ಓಲೆ ಮಾಡಿಸಿ. ಉಂಗುರವೇ ಬೇಕಾದರೆ ಕಲ್ಲಿನ ಸುತ್ತ ಬೆಳ್ಳಿಯ ಅಂಚು ಎತ್ತರವಾಗಿ ಬರುವ ಹಾಗೆ ಕೂರಿಸಲು ಹೇಳಿ, ಅಡುಗೆಮನೆಗೆ ಹೋಗುವಾಗ ತೆಗೆದಿಡಿ. ತೊಳೆಯಲು ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಶ್. ಅಂಗಡಿಯ ಅಲ್ಟ್ರಾಸಾನಿಕ್ ಮೆಷಿನ್ನಿಗೆ ಹಾಕಲು ಬಿಡಬೇಡಿ, ಒಳಗೆ ಸಣ್ಣ ಬಿರುಕಿದ್ದರೆ ಅಲ್ಲೇ ಸೀಳುತ್ತದೆ.